ಪ್ರಾರ್ಥನೆಯೇ ಬಾರದಿದ್ದಾಗ ನಂಬಿಕೆ ಹಿಡಿದುಕೊಳ್ಳುವುದು ಹೇಗೆ?

ಹಾಸನದಾಕೆ

ಎಲ್ಲರಿಗೂ ವಂದನೆಗಳು. ಇಲ್ಲಿ ಬಹಳ ದಿನದಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

ನಮ್ಮ ಯಜಮಾನರಿಗೆ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಮೂರು ದಿನ ಡಯಾಲಿಸಿಸ್. ಬೆಳಿಗ್ಗೆ ಕತ್ತಲಲ್ಲೇ ಎದ್ದು, ಡಬ್ಬಿ ಕಟ್ಟಿ, ಬಸ್ಸು ಹಿಡಿದು ಹೋಗುತ್ತೇವೆ. ಅವರು ನಾಲ್ಕು ಗಂಟೆ ಮೆಷಿನ್ ಮೇಲೆ, ನಾನು ಹೊರಗೆ ಬೆಂಚಿನ ಮೇಲೆ. ಸಂಬಳ ನಿಂತಿದೆ. ಮಗಳ ಪಿಯುಸಿ ಫೀಸು ನನ್ನ ತಮ್ಮ ಕಟ್ಟಿದ. ದುಡ್ಡಿನ ಸಂಗತಿ ಹೇಗೋ ನಡೆಯುತ್ತದೆ. ನನ್ನನ್ನು ಕೊರೆಯುತ್ತಿರುವುದು ಬೇರೆ.

ನಮ್ಮದು ಅಜ್ಜನ ಕಾಲದಿಂದ ಕ್ರೈಸ್ತ ಮನೆ. ಯಜಮಾನರು ಸಭೆಯಲ್ಲಿ ಹಾಡು ಎತ್ತಿಕೊಡುತ್ತಿದ್ದವರು. ಈಗ ಹಾಡಿನ ಪುಸ್ತಕ ಮುಟ್ಟುವುದಿಲ್ಲ. ಮೊನ್ನೆ ಪ್ರಾರ್ಥನಾ ಕೂಟದವರು ಮನೆಗೆ ಬಂದಿದ್ದರು. ಚೆನ್ನಾಗಿಯೇ ಪ್ರಾರ್ಥಿಸಿದರು. ಏಳುವಾಗ ಒಬ್ಬ ಹಿರಿಯರು, ‘ಮನೆಯಲ್ಲಿ ಅರಿಕೆ ಮಾಡದ ಪಾಪ ಏನಾದರೂ ಇದೆಯಾ, ನೋಡಿಕೊಳ್ಳಿ’ ಅಂದರು. ಅವರೆಲ್ಲ ಹೋದ ಮೇಲೆ ಯಜಮಾನರು ಗೋಡೆ ಕಡೆ ತಿರುಗಿ ಮಲಗಿಬಿಟ್ಟರು. ಊಟಕ್ಕೂ ಏಳಲಿಲ್ಲ.

ನನಗೂ ಪ್ರಾರ್ಥನೆ ಬರುತ್ತಿಲ್ಲ. ಮಂಡಿಯೂರಿದರೆ ತಲೆಗೆ ಬರುವುದು ರಕ್ತಪರೀಕ್ಷೆಯ ಕ್ರಿಯಾಟಿನಿನ್ ನಂಬರು, ಬಸ್ಸಿನ ಟೈಮು. ನಂಬಿಕೆ ಬಿಟ್ಟಿಲ್ಲ. ಹಿಡಿದುಕೊಂಡಿದ್ದೇನೆ ಅಂತಲೂ ಹೇಳಲಾರೆ. ಇಂಥ ಕಾಲ ದಾಟಿದವರು ಯಾರಾದರೂ ಇದ್ದರೆ, ಸುಮ್ನೆ ಸಮಾಧಾನಕ್ಕೆ ಅಲ್ಲ, ನಿಜ ಹೇಳಿ. ನೀವು ಹೇಗೆ ನಡೆಸಿದಿರಿ?

ಸ್ತೋತ್ರಗಾನ

ಕರ್ತನ ನಾಮಕ್ಕೆ ಸ್ತೋತ್ರ, ಸಿಸ್ಟರ್. ಬೈಬಲಿನಲ್ಲಿ ರೋಮಾಪುರದವರಿಗೆ 8:28 ಓದಿ. ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಒಳ್ಳೆಯದಕ್ಕೇ ಆಗುತ್ತದೆ. ಧೈರ್ಯವಾಗಿರಿ. ಪ್ರಾರ್ಥಿಸುತ್ತೇವೆ.

ಬಲ್ಮಠದವನು

ಮೇಲಿನ ಅಣ್ಣನ ಮನಸ್ಸು ಒಳ್ಳೆಯದೇ. ಆದರೆ ನಮ್ಮ ತಾಯಿ ಐಸಿಯುನಲ್ಲಿದ್ದಾಗ ಈ ಒಂದೇ ವಚನ ಎಷ್ಟು ಜನ ವಾಟ್ಸಾಪ್ ಮಾಡಿದರು ಅಂದರೆ, ಕೊನೆಗೆ ನಾನು ಫೋನ್ ತೆಗೆಯುವುದನ್ನೇ ಬಿಟ್ಟೆ. ವಚನ ಸುಳ್ಳಲ್ಲ. ಕಳಿಸುವವರಿಗೆ ಅದು ಕೆಲಸ ಮುಗಿಸುವ ಸುಲಭದ ದಾರಿ ಆಗಿಬಿಡುತ್ತದೆ, ಅಷ್ಟೇ.

ಬೈಬಲಿನಲ್ಲಿ ಕಷ್ಟದ ಮೇಲೆ ಕಷ್ಟ ಅನುಭವಿಸಿದ ಯೋಬನ ಮೂವರು ಸ್ನೇಹಿತರು ಮಾಡಿದ ಒಳ್ಳೆಯ ಕೆಲಸ ಒಂದೇ. ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಬಾಯಿ ಮುಚ್ಚಿಕೊಂಡು ಕೂತಿದ್ದರು. ಬಾಯಿ ತೆರೆದ ಮೇಲೆ ಎಲ್ಲ ಕೆಟ್ಟಿತು. ನಿಮ್ಮ ಮನೆಗೆ ಬಂದ ಹಿರಿಯರು ಅವರಲ್ಲೊಬ್ಬನಾದ ಎಲೀಫಜನ ಪಾಠವನ್ನೇ ಒಪ್ಪಿಸಿ ಹೋಗಿದ್ದಾರೆ ಅಕ್ಕ: ಕಷ್ಟ ಬಂದಿದೆ, ಅಂದರೆ ಪಾಪ ಇರಲೇಬೇಕು ಅಂತ. ಯೋಬನ ಪುಸ್ತಕದ ಕೊನೆಯಲ್ಲಿ ದೇವರು ಕೋಪಿಸಿಕೊಂಡದ್ದು ಯಾರ ಮೇಲೆ? ದೇವರನ್ನೇ ಪ್ರಶ್ನೆ ಕೇಳಿದ ಯೋಬನ ಮೇಲಲ್ಲ, ದೇವರ ಪರವಾಗಿ ವಾದ ಮಾಡಿದ ಈ ಮೂವರ ಮೇಲೆ. 42ನೇ ಅಧ್ಯಾಯ, 7ನೇ ವಚನ. ಯಜಮಾನರಿಗೆ ಅದನ್ನೊಂದು ಓದಿ ಹೇಳಿ.

ನಿವೃತ್ತ ಸಭಾಪಾಲಕ

ಅಮ್ಮಾ, ನಿಮ್ಮ ಯಜಮಾನರು ಗೋಡೆ ಕಡೆ ತಿರುಗಿ ಮಲಗಿದರು ಅಂತ ಬರೆದಿದ್ದೀರಿ. ಯೆಶಾಯ 38 ತೆಗೆಯಿರಿ. ರಾಜನಾದ ಹಿಜ್ಕೀಯನಿಗೆ ಸಾಯುವ ಕಾಯಿಲೆ. ಪ್ರವಾದಿಯೇ ಬಂದು, ನೀನು ಉಳಿಯುವುದಿಲ್ಲ ಅಂದ. ಆಗ ಅವನು ಮಾಡಿದ್ದೇನು? ಗೋಡೆ ಕಡೆ ಮುಖ ತಿರುಗಿಸಿಕೊಂಡು ಬಹಳವಾಗಿ ಅತ್ತ. ದೇವರು ಅದನ್ನು ಮುನಿಸು ಅನ್ನಲಿಲ್ಲ. ‘ನಿನ್ನ ಕಣ್ಣೀರನ್ನು ನೋಡಿದ್ದೇನೆ’ ಅಂದರು. ಹಾಗಾಗಿ ಆ ಗೋಡೆಯ ಕಡೆಗಿನ ಮುಖವನ್ನು ನಂಬಿಕೆ ಕಳೆದುಕೊಂಡ ಗುರುತು ಅಂತ ಬೇಗ ತೀರ್ಮಾನ ಮಾಡಬೇಡಿ.

ನಮ್ಮ ಸಭೆಗಳಲ್ಲಿ ಒಂದು ಕೊರತೆ ಇದೆ, ನಾನೂ ಅದೇ ಸಭೆಗಳಲ್ಲಿ ವಯಸ್ಸು ಕಳೆದವನು, ಹೇಳುತ್ತೇನೆ. ನಾವು ಕೀರ್ತನೆಗಳಲ್ಲಿ 23, 91, 121 ಇವುಗಳನ್ನೇ ತಿರುಗಿಸಿ ತಿರುಗಿಸಿ ಓದುತ್ತೇವೆ. ಒಟ್ಟು 150 ಕೀರ್ತನೆಗಳು. ಅವುಗಳಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಗೋಳಾಟ. 13ನೆಯದು ಶುರುವಾಗುವುದೇ, ಇನ್ನು ಎಷ್ಟು ಕಾಲ ನನ್ನನ್ನು ಮರೆತಿರುತ್ತೀ ಎಂಬ ಕೇಳಿಕೆಯಿಂದ. 88ನೆಯದಂತೂ ಕತ್ತಲೆಯಲ್ಲಿ ಶುರುವಾಗಿ ಕತ್ತಲೆಯಲ್ಲೇ ಮುಗಿಯುತ್ತದೆ. ಕೊನೆಗೊಂದು ಹಲ್ಲೆಲೂಯ ಸೇರಿಸೋಣ ಅಂತ ಯಾರೂ ಕೈ ಹಾಕಲಿಲ್ಲ. ಹಾಗೇ ದೇವರ ವಾಕ್ಯದಲ್ಲಿ ಉಳಿದುಕೊಂಡಿದೆ. ಅಂದರೆ ಇಂಥ ಪ್ರಾರ್ಥನೆಗೂ ಪರವಾನಗಿ ಇದೆ ಅಂತಾಯಿತು ಅಲ್ವಾ?

ಶಿಲುಬೆಯ ಮೇಲೆ ಯೇಸುಸ್ವಾಮಿ ಕೂಗಿದ ‘ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ’ ಎಂಬ ಮಾತು ಕೂಡ 22ನೇ ಕೀರ್ತನೆಯ ಮೊದಲ ಸಾಲು. ಉಸಿರು ನಿಲ್ಲುವ ಹೊತ್ತಿಗೆ ಬಾಯಿಗೆ ಬಂದದ್ದು ಗೋಳಿನ ಹಾಡು.

ಇನ್ನು ನಿಮಗೆ ಪ್ರಾರ್ಥನೆ ಬರುತ್ತಿಲ್ಲ ಅಂದಿರಿ. 8:28 ಕಳಿಸಿದ ಸಹೋದರರು ಎರಡು ವಚನ ಹಿಂದಕ್ಕೆ ಹೋಗಲಿ. 26ರಲ್ಲಿ ಆ ಪತ್ರ ಬರೆದ ಪೌಲನು, ಹೇಗೆ ಪ್ರಾರ್ಥಿಸಬೇಕೋ ನಮಗೆ ಗೊತ್ತಿಲ್ಲ, ಮಾತಿಲ್ಲದ ನರಳಾಟದಿಂದ ಪವಿತ್ರಾತ್ಮನೇ ನಮಗಾಗಿ ಬೇಡುತ್ತಾನೆ ಅನ್ನುತ್ತಾನೆ. ಆಸ್ಪತ್ರೆಯ ಬೆಂಚಿನ ಮೇಲೆ ನೀವು ಬಿಡುವ ನಿಟ್ಟುಸಿರು ಲೆಕ್ಕಕ್ಕೆ ಸೇರುತ್ತದೆ.

ವಾರಕ್ಕೆ ಮೂರು ಸಲ

ನನ್ನ ಹೆಸರು ನೋಡಿದರೆ ಗೊತ್ತಾಗುತ್ತದೆ, ನಾನೂ ನಿಮ್ಮ ಯಜಮಾನರ ಪಾರ್ಟಿ. ಊರು ಬೇಡ, ಉತ್ತರ ಕರ್ನಾಟಕ ಅಂದುಕೊಳ್ಳಿ.

ಅಕ್ಕ, ಮನೆಯವರಿಗೆ ಗೊತ್ತಾಗದ ಒಂದು ಸಂಗತಿ ಹೇಳುತ್ತೇನೆ. ಸೂಜಿಯ ನೋವು ರೂಢಿ ಆಗುತ್ತದೆ. ರೂಢಿ ಆಗದೇ ಇರುವುದು ಬಾಯಾರಿಕೆ. ದಿನಕ್ಕೆ ಇಷ್ಟೇ ನೀರು ಅಂತ ಡಾಕ್ಟರ್ ಅಳತೆ ಕೊಟ್ಟಿರುತ್ತಾರೆ. ಮಾತ್ರೆ ನುಂಗುವ ನೀರು, ಸಾರು, ಟೀ ಎಲ್ಲ ಅದರಲ್ಲೇ. ಎರಡು ಗುಟುಕು ಜಾಸ್ತಿ ಕುಡಿದರೆ ಮುಂದಿನ ಸಲ ತೂಕದ ಮೆಷಿನ್ ಮೇಲೆ ನಿಂತಾಗ ಸಿಕ್ಕಿಬೀಳುತ್ತೇವೆ. ಆ ನೀರನ್ನು ಎಳೆಯುವಾಗ ಕಾಲು ಹಿಡಿದುಕೊಳ್ಳುತ್ತದೆ, ಬಿಪಿ ಬೀಳುತ್ತದೆ. ನಮ್ಮ ಕಡೆ ಬೇಸಿಗೆ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಐಸ್ ತುಂಡು ಚೀಪುತ್ತೇನೆ, ಲವಂಗ ಬಾಯಲ್ಲಿ ಇಟ್ಟುಕೊಳ್ಳುತ್ತೇನೆ. ಕನಸಿನಲ್ಲೂ ಹಂಡೆ, ಕೊಡ, ನಲ್ಲಿ.

ನಾನು ಸಭೆ ಬಿಟ್ಟಿದ್ದೆ. ದೇವರ ಮೇಲೆ ಸಿಟ್ಟಿತ್ತು, ಮುಚ್ಚಿಡುವುದೇನು. ಒಂದು ಶುಭ ಶುಕ್ರವಾರ ಹೆಂಡತಿ ಒತ್ತಾಯ ಮಾಡಿ ಕರೆದುಕೊಂಡು ಹೋದಳು. ಹನ್ನೆರಡರಿಂದ ಮೂರರವರೆಗೆ ಆರಾಧನೆ, ಶಿಲುಬೆಯ ಏಳು ಮಾತುಗಳು, ಒಂದೊಂದಕ್ಕೆ ಒಬ್ಬೊಬ್ಬರ ಪ್ರಸಂಗ. ಐದನೇ ಮಾತಿನ ಹೊತ್ತಿಗೆ ಫ್ಯಾನ್ ಕೆಳಗೆ ಅರ್ಧ ನಿದ್ದೆಯಲ್ಲಿದ್ದೆ. ಯಾರೋ ಹುಡುಗ ಎದ್ದು ಯೋಹಾನ 19:28 ಓದಿದ. ‘ನನಗೆ ನೀರಡಿಕೆಯಾಗಿದೆ.’

ಚಿಕ್ಕಂದಿನಿಂದ ಕೇಳಿದ ಮಾತೇ. ಪ್ರಸಂಗ ಮಾಡಿದವರು ಅದಕ್ಕೆ ಆತ್ಮಗಳ ದಾಹ, ಪ್ರೀತಿಯ ದಾಹ ಅಂತ ಏನೇನೋ ಹೇಳಿದರು. ನನಗೆ ಅದೊಂದೂ ಬೇಡವಾಗಿತ್ತು. ರಕ್ತ ಹೋಗಿ, ಬಿಸಿಲಲ್ಲಿ ನಿಂತು, ಗಂಟಲು ಒಣಗಿದ ಮನುಷ್ಯ ನೀರು ಕೇಳುತ್ತಿದ್ದಾನೆ. ಕೊಟ್ಟದ್ದು ಹುಳಿ ದ್ರಾಕ್ಷಾರಸ. ಈತನಿಗೆ ನನ್ನ ಗಂಟಲು ಗೊತ್ತು ಅನ್ನಿಸಿತು.

ಅವತ್ತಿನಿಂದ ಎಲ್ಲ ಸರಿಹೋಯಿತು ಅಂತ ಸಾಕ್ಷಿ ಹೇಳುವವನಲ್ಲ ನಾನು. ಕಿಡ್ನಿ ಹಾಗೇ ಇದೆ. ಸಿಟ್ಟೂ ಆಗಾಗ ಬರುತ್ತದೆ. ಸಭೆಗೆ ಹೋಗುತ್ತೇನೆ, ಪ್ರಭು ಭೋಜನದಲ್ಲಿ ಕೊಡುವ ದ್ರಾಕ್ಷಾರಸದ ಗುಟುಕನ್ನು ಅಳತೆಯಲ್ಲಿ ಸೇರಿಸಿಕೊಳ್ಳುತ್ತೇನೆ. ರಾತ್ರಿ ಮಲಗುವಾಗ ಕೈಯ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಲು ರಕ್ತನಾಳ ಜೋಡಿಸಿದ ಜಾಗ) ಮೇಲೆ ಬೆರಳಿಟ್ಟು ನೋಡುತ್ತೇನೆ, ಒಳಗೆ ಗುಯ್ ಅನ್ನುತ್ತಿದ್ದರೆ ಲೈನ್ ಓಡುತ್ತಿದೆ ಅಂತ ಅರ್ಥ. ‘ಆಯ್ತು ಸ್ವಾಮಿ, ಇವತ್ತು ನಡೀತು’ ಅಂದು ಮಲಗುತ್ತೇನೆ. ಸದ್ಯಕ್ಕೆ ನನ್ನ ಪ್ರಾರ್ಥನೆ ಇಷ್ಟೇ.

ಯಜಮಾನರಿಗೆ ನನ್ನ ಜೊತೆ ಮಾತಾಡಬೇಕು ಅನ್ನಿಸಿದರೆ ಇಲ್ಲೇ ಮೆಸೇಜ್ ಮಾಡಲಿ. ದೇವರ ವಿಷಯ ಎತ್ತುವುದಿಲ್ಲ. ಕ್ರಿಕೆಟ್ ಮಾತಾಡೋಣ.

ಜಯಧ್ವನಿ

ಎಲ್ಲರೂ ಸೋಲಿನ ಮಾತೇ ಆಡುತ್ತಿದ್ದೀರಿ. ಯೆಶಾಯ 53 ಏನು ಹೇಳುತ್ತದೆ? ಆತನ, ಅಂದರೆ ಕ್ರಿಸ್ತನ, ಬಾಸುಂಡೆಗಳಿಂದ ನಮಗೆ ಗುಣವಾಯಿತು. ಆಗಿಹೋದ ಸಂಗತಿ ಅದು. ಬಾಯಿಂದ ಅರಿಕೆ ಮಾಡಬೇಕು, ಸಂದೇಹ ಪಡಬಾರದು. ನಮ್ಮ ಕೂಟದಲ್ಲಿ ಮಾತ್ರೆ ಬಿಟ್ಟು ನಂಬಿಕೆಯಿಂದ ನಿಂತು ಗುಣವಾದವರು ಇದ್ದಾರೆ. ಗೋಳಾಡುವುದು ಇಸ್ರಾಯೇಲರು ಅಡವಿಯಲ್ಲಿ ಗೊಣಗಿದ ಹಾಗೆ.

ನಿವೃತ್ತ ಸಭಾಪಾಲಕ

ಸಹೋದರರೇ, ಗುಣವಾಗಲಿ ಅಂತ ಪ್ರಾರ್ಥಿಸಬೇಕು, ನಾನು ಬೇಡ ಅನ್ನುವುದಿಲ್ಲ. ಯಾಕೋಬ 5:14ರ ಪ್ರಕಾರ ಎಣ್ಣೆ ಹಚ್ಚಿ ಎಷ್ಟೋ ಜನಕ್ಕೆ ಪ್ರಾರ್ಥಿಸಿದ್ದೇನೆ. ಕೆಲವರು ಎದ್ದು ನಡೆದರು. ಕೆಲವರನ್ನು ನಾನೇ ಮಣ್ಣು ಮಾಡಿದೆ. ಮಣ್ಣಾದವರ ನಂಬಿಕೆ ಕಮ್ಮಿ ಇತ್ತು ಅಂತ ಹೇಳುವ ಧೈರ್ಯ ನನಗಿಲ್ಲ.

ಪೌಲನು ತನ್ನ ಶರೀರದ ಮುಳ್ಳು ಹೋಗಲಿ ಅಂತ ಮೂರು ಸಲ ಬೇಡಿಕೊಂಡ, ಹೋಗಲಿಲ್ಲ. ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಉತ್ತರ ಬಂತು. ಅವನ ಶಿಷ್ಯ ತಿಮೊಥೆಗೆ ಹೊಟ್ಟೆ ಸರಿ ಇರಲಿಲ್ಲ, ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಅಂದ. ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತ ಎಂಬ ಊರಲ್ಲಿ ಬಿಟ್ಟು ಬಂದ. ಹಿಜ್ಕೀಯನ ಪ್ರಾರ್ಥನೆ ಕೇಳಿದ ಮೇಲೂ ಯೆಶಾಯನು ಅಂಜೂರದ ಹಣ್ಣು ಅರೆದು ಹುಣ್ಣಿಗೆ ಕಟ್ಟಿ ಅಂದ. ಪ್ರಾರ್ಥನೆಯೂ ಉಂಟು, ಔಷಧವೂ ಉಂಟು, ಒಂದೇ ಕೋಣೆಯಲ್ಲಿ. ಹುಟ್ಟು ಕುರುಡನನ್ನು ನೋಡಿ, ಯಾರು ಪಾಪ ಮಾಡಿದ್ದು, ಇವನೋ ಇವನ ತಂದೆತಾಯಿಯೋ ಅಂತ ಶಿಷ್ಯರು ಕೇಳಿದಾಗ ಯೇಸು ಇಬ್ಬರೂ ಅಲ್ಲ ಅಂದದ್ದು ಯೋಹಾನ 9ರಲ್ಲಿದೆ. ಮನೆಗೆ ಬಂದ ಹಿರಿಯರು ಆ ಅಧ್ಯಾಯ ಓದಿರಲಿಕ್ಕಿಲ್ಲ.

ವೇದಿಕೆ ನಿರ್ವಾಹಕ

ಒಂದು ಸೂಚನೆ. ಮಾತ್ರೆ ಬಿಡಿ, ಡಯಾಲಿಸಿಸ್ ಬಿಡಿ ಅಂತ ಇಲ್ಲಿ ಯಾರೂ ಬರೆಯಬಾರದು. ಡಯಾಲಿಸಿಸ್ ತಪ್ಪಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಅಪಾಯ. ಇನ್ನೊಮ್ಮೆ ಬಂದರೆ ಆ ಪೋಸ್ಟ್ ತೆಗೆಯುತ್ತೇನೆ. ಚರ್ಚೆ ಮುಂದುವರಿಯಲಿ.

ಜೆಪ್ಪು ಕಡೆಯವಳು

ನಾನು ಕ್ಯಾಥೋಲಿಕ್. ನಮ್ಮ ಕಡೆಯಿಂದಲೂ ಎರಡು ಮಾತು.

ಮದರ್ ತೆರೇಸಾ ತೀರಿಕೊಂಡು ಹತ್ತು ವರ್ಷದ ಮೇಲೆ, 2007ರಲ್ಲಿ, ಅವರು ತಮ್ಮ ಗುರುಗಳಿಗೆ ಬರೆದ ಪತ್ರಗಳು ಪುಸ್ತಕವಾಗಿ ಬಂದವು. ಎಷ್ಟೋ ಜನಕ್ಕೆ ಶಾಕ್. ದಶಕಗಳ ಕಾಲ ಅವರಿಗೆ ದೇವರು ಹತ್ತಿರ ಇದ್ದಾರೆ ಅಂತ ಅನ್ನಿಸಿಯೇ ಇರಲಿಲ್ಲ. ಒಳಗೆಲ್ಲ ಕತ್ತಲೆ. ಅಷ್ಟಾದರೂ ಬೆಳಿಗ್ಗೆ ಎದ್ದು ಕೊಲ್ಕತ್ತಾದ ಬೀದಿಗೆ ಹೋಗುತ್ತಿದ್ದರು. ಸಭೆ ಆ ಪತ್ರಗಳನ್ನು ನೋಡಿಯೂ 2016ರಲ್ಲಿ ಅವರನ್ನು ಸಂತರೆಂದು ಘೋಷಿಸಿತು. ಫ್ರಾನ್ಸಿನ ಲಿಸಿಯೂನ ಸಂತ ತೆರೇಸಾ ಕೂಡ ಹಾಗೇ. ಕ್ಷಯರೋಗದಿಂದ 1897ರಲ್ಲಿ 24ನೇ ವಯಸ್ಸಿಗೆ ತೀರಿಕೊಂಡರು. ಕೊನೆಯ ಒಂದೂವರೆ ವರ್ಷ ಸ್ವರ್ಗ ಇದೆ ಎಂಬ ನಂಬಿಕೆಯೇ ಅಲುಗಾಡುತ್ತಿತ್ತು. ನಮ್ಮ ಮನೆಯಲ್ಲಿ ಅವರ ಚಿತ್ರಕ್ಕೆ ಗುಲಾಬಿ ಇಡುತ್ತೇವೆ, ಈ ಕತೆ ಮಾತ್ರ ಯಾರೂ ಹೇಳುವುದಿಲ್ಲ.

ಅನ್ನಿಸುವುದು ಬೇರೆ, ನಂಬುವುದು ಬೇರೆ ಅಂತ ನನಗೆ ಅರ್ಥವಾಗಿದ್ದು ಇವರಿಂದ. ಅನ್ನಿಸದಿದ್ದರೂ ಮಾಡಬೇಕಾದ್ದನ್ನು ಮಾಡುತ್ತಾ ಹೋಗಬಹುದು. ನೀವು ಕತ್ತಲಲ್ಲಿ ಎದ್ದು ಡಬ್ಬಿ ಕಟ್ಟುತ್ತೀರಲ್ಲ ಅಕ್ಕ, ಅದನ್ನು ಏನಂತ ಕರೆಯುತ್ತೀರಿ?

ಇನ್ನೊಂದು. ನಮ್ಮಲ್ಲಿ ರೋಗಿಗಳಿಗೆ ಎಣ್ಣೆ ಹಚ್ಚುವ ಸಂಸ್ಕಾರ ಅಂದರೆ ಫಾದರ್ ಬಂದರು, ಇನ್ನು ಮುಗಿಯಿತು ಅಂತ ಹೆದರುತ್ತಿದ್ದ ಕಾಲವಿತ್ತು. 1960ರ ದಶಕದಲ್ಲಿ ನಡೆದ ವ್ಯಾಟಿಕನ್ ಎರಡನೇ ಮಹಾಸಭೆಯ ನಂತರ ಅದು ಬದಲಾಯಿತು. ಸಾಯುವವರಿಗೆ ಮಾತ್ರವಲ್ಲ, ಗಂಭೀರ ಕಾಯಿಲೆಯ ಯಾರಿಗಾದರೂ ಸರಿ, ಮತ್ತೆ ಜಾಸ್ತಿಯಾದರೆ ಮತ್ತೊಮ್ಮೆ ಕೊಡುತ್ತಾರೆ. ನಿಮ್ಮ ಸಭೆಯಲ್ಲೂ ಅಯ್ಯನವರನ್ನು ಕೇಳಿ ನೋಡಿ.

ಬಲ್ಮಠದವನು

ಹಿಂದಿನವರ ಸಂಗತಿ ಬಂದದ್ದಕ್ಕೆ ಇದೊಂದು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಆಗ ವಿಶ್ವಾಸಿಗಳಾದವರಿಗೆ ಮನೆ ಹೋಯಿತು, ನೆಂಟರು ಹೋದರು, ಹೊಟ್ಟೆಪಾಡೂ ಹೋಯಿತು. ಮಿಷನ್ನಿನವರು ಪ್ರಸಂಗ ಮಾಡಿ ಸುಮ್ಮನಿರಲಿಲ್ಲ. ಮಗ್ಗ ಹಾಕಿದರು, ಅಚ್ಚುಕೂಟ ತೆರೆದರು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಮಂಗಳೂರು ಹಂಚು ಅಂತ ಊರೂರಿಗೆ ಹೋಗಿದ್ದು ಹೀಗೆ. ನಂಬಿಕೆ ಉಳಿಯಬೇಕಾದರೆ ಊಟ ನಡೆಯಬೇಕು ಅಂತ ಅವರಿಗೆ ಗೊತ್ತಿತ್ತು.

ಆಮೇಲೆ 1914ರ ಯುದ್ಧ ಬಂತು. ಅದರಲ್ಲಿದ್ದ ಜರ್ಮನ್ ಮಿಷನರಿಗಳು ಬ್ರಿಟಿಷರಿಗೆ ಶತ್ರು ದೇಶದವರಾದರು. ಅವರನ್ನು ಬಂಧನದಲ್ಲಿಟ್ಟರು, ಆಮೇಲೆ ದೇಶದಿಂದ ಕಳಿಸಿದರು. ಕಾರ್ಖಾನೆಗಳು ಬೇರೆಯವರ ಕೈ ಸೇರಿದವು. ಸಭೆ ನಡೆಸುವ ಭಾರ ಇಲ್ಲಿಯವರ ಮೇಲೆ ಬಿತ್ತು. ಅಲ್ಲಿಗೆ ಸಭೆ ಮುಚ್ಚಬಹುದಿತ್ತು. ಮುಚ್ಚಲಿಲ್ಲ. ಅದಕ್ಕೂ ಹಿಂದೆ, 1784ರಲ್ಲಿ ಕೆನರಾದ ಕ್ಯಾಥೋಲಿಕರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ 1799ರವರೆಗೆ ಅವರು ಸೆರೆಯಲ್ಲಿದ್ದರು. ತಿರುಗಿ ಬಂದವರು ಇಗರ್ಜಿಗಳನ್ನು (ಚರ್ಚುಗಳನ್ನು) ಮತ್ತೆ ಕಟ್ಟಿದರು. ಅದರ ರಾಜಕೀಯ ಇಲ್ಲಿ ಬೇಡ, ದಯವಿಟ್ಟು. ನಾನು ಹೇಳುವುದಿಷ್ಟೇ: ಇವರಲ್ಲಿ ಯಾರೂ ಒಬ್ಬೊಬ್ಬರೇ ಹಲ್ಲು ಕಚ್ಚಿ ನಿಂತವರಲ್ಲ. ಗುಂಪಾಗಿ ಉಳಿದವರು. ನಾವು ಈಗ ಕಷ್ಟ ಬಂದ ತಕ್ಷಣ ಬಾಗಿಲು ಹಾಕಿಕೊಂಡು, ನನ್ನ ನಂಬಿಕೆ ಗಟ್ಟಿ ಇದೆಯಾ ಇಲ್ಲವಾ ಅಂತ ಒಬ್ಬರೇ ತೂಗಿ ನೋಡುತ್ತೇವೆ.

ಕುವೈತಿನ ನರ್ಸ್

ರಾತ್ರಿ ಪಾಳಿ ಮುಗಿಸಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಯಾರೂ ಈ ವಿಷಯ ಎತ್ತಲಿಲ್ಲ ಅಂತ ಎತ್ತುತ್ತಿದ್ದೇನೆ. ಮುಖ ತಿರುಗಿಸಿ ಮಲಗುವುದು, ಊಟ ಬೇಡ ಅನ್ನುವುದು, ಇಷ್ಟವಾದ ಹಾಡು ಬಿಡುವುದು, ಇವು ಡಿಪ್ರೆಶನ್ ಲಕ್ಷಣವೂ ಆಗಿರಬಹುದು. ಡಯಾಲಿಸಿಸ್ ರೋಗಿಗಳಲ್ಲಿ ಇದು ತುಂಬಾ ಸಾಮಾನ್ಯ. ನೋಡಿಕೊಳ್ಳುವವರಲ್ಲೂ ಅಷ್ಟೇ. ಕಿಡ್ನಿ ಡಾಕ್ಟರಿಗೆ ಹೇಳಿ, ಅವರೇ ಮುಂದಕ್ಕೆ ಕಳಿಸುತ್ತಾರೆ. ಟೆಲಿಮಾನಸ್ ಅಂತ ಸರ್ಕಾರದ ಫೋನ್ ಸೇವೆ ಇದೆ, 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇದಕ್ಕೂ ನಂಬಿಕೆಗೂ ಜಗಳವಿಲ್ಲ. ಪ್ರವಾದಿ ಎಲೀಯ ಗಿಡದ ಕೆಳಗೆ ಕೂತು ‘ನನ್ನ ಪ್ರಾಣ ತೆಗೆದುಬಿಡು’ ಅಂದಾಗ ದೇವದೂತ ಬೈಬಲ್ ಸ್ಟಡಿ ಮಾಡಲಿಲ್ಲ. ಬಿಸಿ ರೊಟ್ಟಿ, ಒಂದು ತಂಬಿಗೆ ನೀರು. ತಿಂದ, ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ಆಮೇಲೆ ಪ್ರಯಾಣ. ವಾರ್ಡಿನಲ್ಲಿ ನಾವು ಮಾಡುವುದೂ ಅದೇ ಕ್ರಮದಲ್ಲಿ.

ಹಾಸನದಾಕೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರು ದಿನ ಉತ್ತರ ಬರೆಯಲು ಆಗಲಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ 88ನೇ ಕೀರ್ತನೆ ಓದಿದೆ. ಅಯ್ಯನವರೇ, ನಿಜವಾಗಿಯೂ ಕೊನೆಯವರೆಗೆ ಕತ್ತಲೆಯೇ. ಓದಿ ಅತ್ತೆ. ವಿಚಿತ್ರ ಅಂದರೆ ಹಗುರವಾಯಿತು. ಯಜಮಾನರಿಗೆ ನಾನು ಏನನ್ನೂ ಓದಿ ಹೇಳಲಿಲ್ಲ. ಫೋನ್ ಕೊಟ್ಟು, ಇಲ್ಲೊಬ್ಬರು ನಿಮ್ಮ ಹಾಗೇ ಇದ್ದಾರೆ ನೋಡಿ ಅಂದೆ. ‘ವಾರಕ್ಕೆ ಮೂರು ಸಲ’ ಅಣ್ಣ ಬರೆದದ್ದನ್ನು ಎರಡು ಸಲ ಓದಿದರು. ‘ಹಂಡೆ ಕನಸು ನನಗೂ ಬೀಳುತ್ತೆ’ ಅಂದರು. ನನಗೆ ಇದುವರೆಗೆ ಹೇಳಿರಲೇ ಇಲ್ಲ. ಮೆಸೇಜ್ ಮಾಡಿದ್ದಾರಂತೆ.

ಡಾಕ್ಟರ್ ಹತ್ತಿರ ಮುಂದಿನ ವಾರ ಮಾತಾಡುತ್ತೇನೆ. ಒಂದು ಪ್ರಶ್ನೆ ಮಾತ್ರ ಉಳಿಯಿತು. ಗುಂಪಾಗಿ ಇರಬೇಕು ಅಂದಿರಿ. ಆ ಗುಂಪೇ ಅಲ್ವಾ ಅವತ್ತು ಪಾಪ ಹುಡುಕಿದ್ದು? ಮತ್ತೆ ಬಾಗಿಲು ತೆಗೆಯಲು ಮನಸ್ಸು ಬರುತ್ತಿಲ್ಲ.

ನಿವೃತ್ತ ಸಭಾಪಾಲಕ

ನ್ಯಾಯವಾದ ಪ್ರಶ್ನೆ. ಎಲ್ಲರಿಗೂ ತೆಗೆಯಬೇಕಿಲ್ಲ ಅಮ್ಮಾ. ಶಿಲುಬೆಯ ಹಿಂದಿನ ರಾತ್ರಿ ಪ್ರಾರ್ಥಿಸಲು ಗೆತ್ಸೇಮನೆ ತೋಟಕ್ಕೆ ಹೋಗುವಾಗ ಯೇಸುಸ್ವಾಮಿಯೂ ಹತ್ತಿರಕ್ಕೆ ಕರೆದುಕೊಂಡದ್ದು ಮೂವರನ್ನು. ಅವರೂ ನಿದ್ದೆ ಹೋದರು, ಅದು ಬೇರೆ ಮಾತು.

ಮಾರ್ಕ 2ರಲ್ಲಿ ಪಾರ್ಶ್ವವಾಯು ಹೊಡೆದವನನ್ನು ನಾಲ್ವರು ಹೊತ್ತು ತಂದು ಮಾಳಿಗೆ ಬಿಚ್ಚಿ ಇಳಿಸಿದರು. ಯೇಸು ನೋಡಿದ್ದು ‘ಅವರ ನಂಬಿಕೆಯನ್ನು’ ಅಂತ ಬರೆದಿದೆ. ಮಲಗಿದ್ದವನಿಗೆ ಎಷ್ಟು ನಂಬಿಕೆ ಇತ್ತು ಅಂತ ಸುವಾರ್ತೆ ಕೇಳುವುದೇ ಇಲ್ಲ. ನಿಮಗೂ ಹಾಸಿಗೆ ಹಿಡಿಯುವ ನಾಲ್ಕು ಜನ ಸಾಕು. ಬಾಯಿ ಜಾಸ್ತಿ ಇಲ್ಲದವರನ್ನು ಆರಿಸಿಕೊಳ್ಳಿ. ಪ್ರಾರ್ಥಿಸಿ ಅಂತ ಕೇಳಬೇಡಿ, ಕೆಲಸ ಹೇಳಿ. ಒಬ್ಬರು ವಾರದಲ್ಲಿ ಒಂದು ದಿನ ನಿಮ್ಮ ಬದಲು ಬೆಂಚಿನ ಮೇಲೆ ಕೂರಲಿ, ನೀವು ಮನೆಯಲ್ಲಿ ನಿದ್ದೆ ಮಾಡಿ. ಒಬ್ಬರು ಭಾನುವಾರ ಅವರ ಜೊತೆ ಇರಲಿ, ನೀವು ಆರಾಧನೆಗೆ ಹೋಗಿ ಬನ್ನಿ, ಇಲ್ಲವೇ ಹೋಗದೆ ಸುಮ್ನೆ ಕೆರೆ ಕಡೆ ನಡೆದು ಬನ್ನಿ. ಸಭೆಯಲ್ಲಿ ಹಾಡುವಾಗ ನಿಮ್ಮ ಬಾಯಿ ಬಾರದಿದ್ದರೆ ಪಕ್ಕದವರು ಹಾಡುತ್ತಾರೆ.

ಆ ಹಿರಿಯರ ವಿಷಯ ನಿಮ್ಮ ಸಭಾಪಾಲಕರ ಕಿವಿಗೆ ಹಾಕಿ. ಚಾಡಿ ಅಂದುಕೊಳ್ಳಬೇಡಿ. ಅವರು ನಾಳೆ ಇನ್ನೊಂದು ಮನೆಗೂ ಹೋಗುತ್ತಾರೆ.

ಹಾಸನದಾಕೆ

ಮೂರು ಹೆಸರು ಹೊಳೆದಿವೆ. ನಾಲ್ಕನೆಯದು ಪಕ್ಕದ ಮನೆಯ ಹುಡುಗ, ಸಭೆಯವನಲ್ಲ, ಬೈಕ್ ಇದೆ. ಪರವಾಗಿಲ್ಲ ಅಲ್ವಾ?

ಜೆಪ್ಪು ಕಡೆಯವಳು

ಹಾಸಿಗೆ ಹೊತ್ತ ನಾಲ್ವರ ಸಭೆ ಯಾವುದು ಅಂತ ಯಾರೂ ಕೇಳಲಿಲ್ಲ ಅಕ್ಕ. 😊

ಸ್ತೋತ್ರಗಾನ

ಬರೀ ವಚನ ಹಾಕಿ ಹೋಗಿದ್ದೆ, ತಿರುಗಿ ಬಂದೆ. ನಾನು ಹಾಸನದಲ್ಲೇ ಇರುವುದು. ನಾಳೆಯಿಂದ ಬೇಕಾದರೆ ಆಸ್ಪತ್ರೆಗೆ ಬಿಡಲು ನನ್ನ ಆಟೋ ಇದೆ, ಬಾಡಿಗೆ ಬೇಡ. ಬರುವಾಗ ಯಜಮಾನರಿಗೆ ಎಳನೀರು ತರಲಾ?

ವಾರಕ್ಕೆ ಮೂರು ಸಲ

ಅಯ್ಯೋ ಅಣ್ಣ, ಆಟೋ ತನ್ನಿ, ಎಳನೀರು ಬೇಡ! ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ನಮ್ಮಂಥವರ ಹೃದಯಕ್ಕೇ ಕುತ್ತು. ಬಾಳೆಹಣ್ಣೂ ಹಾಗೇ. ರೋಗಿ ನೋಡಲು ಬರುವವರೆಲ್ಲ ಇವೆರಡನ್ನೇ ಹಿಡಿದು ಬರುತ್ತಾರೆ. ಏನಾದರೂ ತರಲೇಬೇಕು ಅಂದರೆ ಅಕ್ಕನನ್ನು ಕೇಳಿ ಒಂದು ಸೇಬು ತನ್ನಿ. ಊಟ ತರುವವರಿಗೂ ಹೇಳಿಬಿಡಿ, ತರಕಾರಿ ಬೇಯಿಸಿದ ನೀರು ಬಸಿಯಬೇಕು, ಉಪ್ಪು ಕಮ್ಮಿ, ಉಪ್ಪಿನಕಾಯಿ ಬೇಡವೇ ಬೇಡ.